ಅಂಗೈ ಅಗಲದ ದಂತದ ತಾಯಿ

ನನ್ನ ಗಂಡನ ಮನೆಯವರು ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಕೆಟ್ಟವರು ಹಾಳು ಮಾಡಿದರೆ ಬಾಯಿ ತುಂಬ ಬೈಯಬಹುದು. ಒಳ್ಳೆಯವರು, ಅದೂ ನಮ್ಮ ಒಳ್ಳೆಯದಕ್ಕೇ ಎಂದುಕೊಂಡು ಹಾಳು ಮಾಡಿದರೆ, ಬೈದವರೇ ಕೆಟ್ಟವರಾಗುತ್ತಾರೆ. 2020ರಿಂದ ಈಚೆಗೆ ನಮ್ಮ ಬಳಗದಲ್ಲಿ ನಾನು ಹಾಗೆ ಕೆಟ್ಟವಳು. ಈಗ ಅಭ್ಯಾಸವಾಗಿದೆ.

ನಾನು ಓದಿದ್ದು ಕಲೆಯ ಇತಿಹಾಸ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ, ಏಳುನೂರು ವರ್ಷಗಳ ಹಿಂದೆ ಪ್ಯಾರಿಸ್‌ನಲ್ಲಿ ಆನೆಯ ದಂತದಲ್ಲಿ ಕೆತ್ತುತ್ತಿದ್ದ ಪುಟ್ಟ ಪುಟ್ಟ ಕ್ರೈಸ್ತ ಮೂರ್ತಿಗಳು. ಇವು ಚರ್ಚಿನ ಗೋಡೆಗಾಗಿ ಮಾಡಿದವಲ್ಲ. ಮನೆಯ ಮೂಲೆಯಲ್ಲಿ, ಮಂಚದ ಪಕ್ಕದಲ್ಲಿ, ಪ್ರಯಾಣದ ದಾರಿಯಲ್ಲಿ ಒಬ್ಬರೇ ಕೂತು ಪ್ರಾರ್ಥಿಸುವವರಿಗಾಗಿ ಮಾಡಿದವು. ಅವುಗಳಲ್ಲಿ ಹಲವು, ಪುಸ್ತಕದ ಹಾಗೆ ತೆರೆದು ಮುಚ್ಚುವ ಜೋಡಿ ಹಲಗೆಗಳು. ತೆರೆದರೆ ಒಂದು ಬದಿಯಲ್ಲಿ ಮಗುವನ್ನೆತ್ತಿಕೊಂಡ ಮೇರಿ, ಇನ್ನೊಂದು ಬದಿಯಲ್ಲಿ ಶಿಲುಬೆಯ ಮೇಲೆ ಸತ್ತ ಅದೇ ಮಗ. ಜನ ಅವನ್ನು ಕೈಯಲ್ಲಿ ಹಿಡಿದು, ಸವರಿ, ಮುತ್ತಿಟ್ಟು, ತಲೆಮಾರುಗಟ್ಟಲೆ ಬಳಸಿದ್ದರಿಂದ ಎಷ್ಟೋ ಮೂರ್ತಿಗಳ ಮುಖವೇ ಸವೆದುಹೋಗಿದೆ. ಉಳಿದ ವಿದ್ವಾಂಸರಿಗೆ ಮುಖ ಚೆನ್ನಾಗಿರುವ ಮೂರ್ತಿ ಬೇಕು. ನನಗೆ ಬೇಕಾಗಿದ್ದದ್ದು ಸವೆದವು. ಯಾರು ಮುಟ್ಟಿದರು, ಎಲ್ಲಿ ಮುಟ್ಟಿದರು, ಏನು ಬೇಡಿಕೊಂಡಿರಬಹುದು ಎಂಬುದೇ ನನ್ನ ಪ್ರಬಂಧ.

ಸ್ಯಾನ್ ಡಿಯಾಗೋದ ಕನ್ನಡದವರಿಗೆ ಇದನ್ನು ವಿವರಿಸುವುದರಲ್ಲಿ ಸಾಕಾಗಿಹೋಗುತ್ತಿತ್ತು. ನಮ್ಮ ಮನೆ ಇದ್ದದ್ದು ಆ ಊರಿನ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ. ಗಂಡ ಟೆಲಿಕಾಂ ಎಂಜಿನಿಯರ್. ನಾನು ವಾರಕ್ಕೆರಡು ಸಲ ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಿದ್ದೆ. ಎಲ್ಲರೂ ಒಂದೊಂದು ಅಡಿಗೆ ತರುವ ಕಾರ್ಮೆಲ್ ವ್ಯಾಲಿಯ ಪಾಟ್‌ಲಕ್‌ಗಳಲ್ಲಿ ತಟ್ಟೆಗೆ ಬಿಸಿಬೇಳೆ ಭಾತ್ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬ ಆಂಟಿ ಪಕ್ಕಕ್ಕೆ ಬಂದು ಕೇಳುತ್ತಿದ್ದರು.

“ನಿಮ್ಮ ಪಿಎಚ್‌ಡಿ ಬಯೋಟೆಕ್ಕಾ?”

“ಅಲ್ಲ ಆಂಟಿ, ಹಳೇ ಕಾಲದ ದಂತದ ಕೆತ್ತನೆ.”

“ಓ, ನೈಸ್. ಅದಕ್ಕೆ ಜಾಬ್ ಸಿಗುತ್ತಾ?”

ನನ್ನ ಗಂಡ ನಗುತ್ತ, “ಇವಳು ಬೊಂಬೆ ಡಾಕ್ಟ್ರು ಆಂಟಿ” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೇನೆ. ಆಮೇಲೆ ಬರುತ್ತಿದ್ದ ಪ್ರಶ್ನೆ, “ಮತ್ತೆ, ಏನಾದ್ರೂ ವಿಶೇಷ?” ವಿಶೇಷವೆಂದರೆ ಮಗು. ಮಗು ಬೇಡವೆಂದು ನಾವಿಬ್ಬರೂ ಮದುವೆಗೆ ಮುಂಚೆಯೇ ಮಾತಾಡಿಕೊಂಡಿದ್ದೆವು. ಅದನ್ನು ಅವನ ಅಮ್ಮನಿಗೆ ಹೇಳುವ ಜವಾಬ್ದಾರಿ ಅವನದು ಎಂದೂ ಮಾತಾಗಿತ್ತು. ಹೇಳಿದ್ದೇನೆ ಎಂದಿದ್ದ. ಗಂಡ ಹೇಳಿದ್ದನ್ನು ನಾನು ನಂಬಿದ್ದೆ.

2020ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಮ್ಯೂಸಿಯಂನವರು ಈ ಕೆತ್ತನೆಗಳ ಬಗ್ಗೆ ಸಾರ್ವಜನಿಕರಿಗೆ ಮಾತಾಡಲು ನನ್ನನ್ನು ಕರೆದಿದ್ದರು. ಮಾತು ಮುಗಿದ ಮೇಲೆ ಊರುಗೋಲು ಹಿಡಿದ ಒಬ್ಬ ಅಜ್ಜಿ ನಿಧಾನವಾಗಿ ಹತ್ತಿರ ಬಂದು, “ಇಂಥದ್ದೊಂದು ನನ್ನ ಹಾಸಿಗೆಯ ಪಕ್ಕ ಇದೆ” ಎಂದರು. ಇಂಥವರು ಪ್ರತಿ ಸಲವೂ ಒಬ್ಬರಾದರೂ ಇರುತ್ತಾರೆ. ಹೋಗಿ ನೋಡಿದರೆ ಪ್ಲಾಸ್ಟಿಕ್ ಇರುತ್ತದೆ. ಆದರೂ ಅಡ್ರೆಸ್ ತೆಗೆದುಕೊಂಡೆ, ಮುಂದಿನ ವಾರ ಹೋದೆ.

ಲಾಸ್ ಏಂಜಲೀಸ್‌ನ ಅಂಚಿನ ಚಾಟ್ಸ್‌ವರ್ತ್‌ನಲ್ಲಿ ವರ್ಕ್‌ಶಾಪುಗಳೂ ವೇರ್‌ಹೌಸುಗಳೂ ಮುಗಿದು ಬಂಡೆಗುಡ್ಡ ಶುರುವಾಗುವ ಕಡೆ ಅವರ ಮನೆ. ಚಿಕ್ಕ ವಯಸ್ಸಿನಲ್ಲಿ ಬೆಲ್ಜಿಯಂನಿಂದ ಮದುವೆಯಾಗಿ ಬಂದವರು. ಗಂಡ ಅಲ್ಲೇ ಒಂದು ಮಷಿನ್ ಶಾಪ್ ನಡೆಸಿಕೊಂಡಿದ್ದು ತೀರಿಹೋಗಿದ್ದರು. ಅರವತ್ತರ ಹತ್ತಿರದ ಮಗಳು ಜೊತೆಯಲ್ಲಿದ್ದರು. ಮಲಗುವ ಕೋಣೆಯಲ್ಲಿ, ಮಾತ್ರೆಯ ಡಬ್ಬಿ ಮತ್ತು ನೀರಿನ ಲೋಟದ ನಡುವೆ, ಅದು ಇತ್ತು. ಪ್ಲಾಸ್ಟಿಕ್ ಆಗಿರಲಿಲ್ಲ.

ಜೋಡಿ ಹಲಗೆಯಲ್ಲಿ ಒಂದು ಮಾತ್ರ ಉಳಿದಿತ್ತು. ಅಂಚಿನಲ್ಲಿ ಕೀಲು ಕೂರಿಸಿದ ಗುರುತು. ಕಮಾನಿನ ಕೆಳಗೆ ಸ್ವಲ್ಪ ಸೊಂಟ ವಾಲಿಸಿ ನಿಂತ ತಾಯಿ, ಎಡಗೈಯಲ್ಲಿ ಮಗು, ಎರಡೂ ಬದಿಯಲ್ಲಿ ಮೇಣದಬತ್ತಿ ಹಿಡಿದ ದೇವದೂತರು. ಬಟ್ಟೆಯ ಮಡಿಕೆಯ ಆಳದಲ್ಲಿ ಚಿನ್ನದ ಬಣ್ಣ ಚೂರುಚೂರು ಉಳಿದಿತ್ತು. ತಾಯಿಗೆ ಮುಖವಿರಲಿಲ್ಲ. ಕಣ್ಣು, ಮೂಗು, ತುಟಿ ಎಲ್ಲ ಸವೆದು ಮೊಟ್ಟೆಯ ಹಾಗೆ ನುಣ್ಣಗಾಗಿತ್ತು. ಅಜ್ಜಿ ಅದನ್ನೆತ್ತಿ, ಆ ಮುಖದ ಮೇಲೆ ಹೆಬ್ಬೆರಳನ್ನೊಮ್ಮೆ ಆಡಿಸಿ, ಆಮೇಲೆ ನನ್ನ ಕೈಗೆ ಕೊಟ್ಟರು. ಬೆರಳು ಆಡಿಸಿದ್ದು ಅವರಿಗೇ ಗೊತ್ತಿರಲಿಲ್ಲ. ದಾರಿಯಲ್ಲಿ ಗುಡಿ ಕಂಡರೆ ನಮ್ಮ ಕೈ ತಾನಾಗಿ ಎದೆಗೆ ಹೋಗುವುದಿಲ್ಲವೇ, ಹಾಗೆ. ಇಷ್ಟು ವರ್ಷ ಗಾಜಿನ ಈಚೆ ನಿಂತು ನಾನು ಊಹೆಯ ಮೇಲೆ ಬರೆದದ್ದೆಲ್ಲ ಈ ಮನೆಯಲ್ಲಿ ದಿನಾ ಸಂಜೆ ನಡೆಯುತ್ತಿತ್ತು.

ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಹಾಕಿದವು. ವಿಶ್ವವಿದ್ಯಾಲಯ, ಲೈಬ್ರರಿ, ಮ್ಯೂಸಿಯಂ, ಎಲ್ಲವೂ. ನೋಡಲು ಮೂರ್ತಿಗಳಿಲ್ಲ, ಮುಟ್ಟಲು ಪುಸ್ತಕಗಳಿಲ್ಲ. ನನಗೆ ಉಳಿದಿದ್ದದ್ದು ಚಾಟ್ಸ್‌ವರ್ತ್‌ನ ವರಾಂಡ ಒಂದೇ. ಮಾಸ್ಕ್ ಹಾಕಿಕೊಂಡು ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ, ಅಜ್ಜಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ತಮ್ಮ ತಾಯಿಯ ಕಥೆ ಹೇಳುತ್ತಿದ್ದರು. ಯುದ್ಧದ ದಿನಗಳಲ್ಲಿ ಆ ತಾಯಿ ಇದನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದು, ಸಾಯುವಾಗ ಮುಷ್ಟಿ ಬಿಡಿಸಿಕೊಳ್ಳಲು ಕಷ್ಟವಾಗಿದ್ದು. ಅವರು ಇಂಗ್ಲಿಷ್‌ನಲ್ಲಿ ಹೇಳಿದ್ದನ್ನೆಲ್ಲ ನಾನಿಲ್ಲಿ ಕನ್ನಡ ಮಾಡಿಕೊಂಡಿದ್ದೇನೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವರ ಕಣ್ಣು ಬಹಳ ಮಂಜಾಗಿತ್ತು. ಒಂದು ದಿನ ತಾವಾಗಿಯೇ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ನನ್ನ ಕಡೆ ಚಾಚಿದರು.

“ನನಗೆ ಇನ್ನು ಕಾಣಿಸಲ್ಲ. ನೀನು ತೊಗೊಂಡು ಹೋಗಿ ಚೆನ್ನಾಗಿ ನೋಡು, ಬರಿ. ಆದರೆ ನಾನು ಹೊರಡುವಾಗ ಇವಳು ನನ್ನ ಕೈಯಲ್ಲಿರಬೇಕು. ನನ್ನಮ್ಮನ ಕೈಯಲ್ಲಿದ್ದಳು. ನಾನು ಕೇಳೋದು ಅದೊಂದೇ.”

ಖಂಡಿತ ಎಂದೆ. ಮಗಳಿಗೆ ಇಷ್ಟವಿರಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಅಮ್ಮನ ವಸ್ತು, ಅಮ್ಮನ ಇಷ್ಟ ಎಂದು ತಡೆಯಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಅತ್ತೆ ಆ ವರ್ಷ ಬೆಂಗಳೂರಿನಿಂದ ಮೂರು ತಿಂಗಳಿಗೆಂದು ಬಂದವರು ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ವಿಮಾನ ಮತ್ತೆ ಶುರುವಾದ ಮೇಲೂ ಹತ್ತಲು ಧೈರ್ಯ ಬರಲಿಲ್ಲ. ವೀಸಾ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿ ಕಾಯುತ್ತಿದ್ದೆವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ವರ್ಷ ಇಬ್ಬರ ಕಾಲವೂ ಒಂದೇ ಮನೆಯಲ್ಲಿ ಕಳೆಯಬೇಕಾಗಿತ್ತು. ಅವರೇನೂ ಜಗಳಗಂಟಿಯಲ್ಲ. ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನ ಪಕ್ಕ ಕಾಫಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ಪೆಟ್ಟಿಗೆ ಬಿಚ್ಚಿದ ದಿನ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

“ಯಾರಮ್ಮ ಇವ್ಳು? ಯಶೋದೆ ಥರ ಇದಾಳೆ.”

“ಮೇರಿ, ಅತ್ತೆ. ಯೇಸುವಿನ ತಾಯಿ.”

“ಯಾರಾದ್ರೇನು, ತಾಯಿ ತಾಯೀನೇ. ಮುಖ ಯಾಕೆ ಹಿಂಗಾಗಿದೆ?”

“ಜನ ಬೇಡಿಕೊಂಡು ಮುಟ್ಟಿ ಮುಟ್ಟಿ ಸವೆದಿದೆ.”

“ಹಂಗಾದ್ರೆ ತುಂಬಾ ಜನಕ್ಕೆ ಕೊಟ್ಟಿದಾಳೆ ಅನ್ನು.”

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಪ್ರಬಂಧದ ಒಂದು ಅಧ್ಯಾಯವನ್ನು ಅದರಿಂದಲೇ ಶುರು ಮಾಡೋಣ ಎನಿಸಿತು. ಆಗ ನನಗೆ ಹೊಳೆದದ್ದು ಅಧ್ಯಾಯ ಮಾತ್ರ. ಅತ್ತೆ ಆ ಕ್ಷಣದಿಂದಲೇ ಅವಳ ಹತ್ತಿರ ಏನೋ ಕೇಳಲು ಶುರು ಮಾಡಿದ್ದರು ಎಂಬುದು ಹೊಳೆಯಲಿಲ್ಲ.

ಗಂಡ ಆಫೀಸಿನ ಗೆಳೆಯನಿಂದ ತ್ರೀ-ಡಿ ಸ್ಕ್ಯಾನರ್ ತಂದು, ಎರಡು ದಿನ ರಜೆಯಲ್ಲಿ ಕೂತು ಹಲಗೆಯನ್ನು ಎಲ್ಲ ಕಡೆಯಿಂದ ಸ್ಕ್ಯಾನ್ ಮಾಡಿಕೊಟ್ಟ. ನನ್ನ ಕೆಲಸದಲ್ಲಿ ಅವನಿಗೆ ಉತ್ಸಾಹ ಬಂದದ್ದು ಅದೊಂದೇ ಸಲ. ಪರದೆಯ ಮೇಲೆ ತಾಯಿಯನ್ನು ಗಿರಗಿರನೆ ತಿರುಗಿಸಿ, “ಮೈಕ್ರಾನ್ ಲೆವೆಲ್ ಇದೆ ನೋಡು” ಎಂದು ಹೆಮ್ಮೆಪಟ್ಟ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ನವರಾತ್ರಿಗೆ ಅತ್ತೆ ಬೊಂಬೆ ಕೂರಿಸಿದರು. ಅವರ ಪಟ್ಟದ ಬೊಂಬೆಗಳು ಬೆಂಗಳೂರಿನಲ್ಲಿ ಉಳಿದಿದ್ದವು. ಮನೆಗೆ ಬಂದ ಪಾರ್ಸೆಲ್ ಪೆಟ್ಟಿಗೆಗಳನ್ನೇ ಮೆಟ್ಟಿಲು ಮಾಡಿ, ರೇಷ್ಮೆ ಸೀರೆ ಹಾಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದರು. ಮೆಕ್ಸಿಕೋದ ಮಣ್ಣಿನ ಹಕ್ಕಿ, ಪಕ್ಕದ ಮನೆಯವರು ಕೊಟ್ಟಿದ್ದ ಕ್ರಿಸ್‌ಮಸ್ ತಾತ, ಗಂಡನ ಆಫೀಸಿನ ಟ್ರೋಫಿ. ಎಲ್ಲಕ್ಕಿಂತ ಮೇಲೆ, ಪಟ್ಟದ ಬೊಂಬೆಯ ಜಾಗದಲ್ಲಿ, ಚಾಟ್ಸ್‌ವರ್ತ್ ಅಜ್ಜಿಯ ತಾಯಿ. ನಾನು ಹೌಹಾರಿ ಎತ್ತಿಕೊಂಡೆ.

“ಅತ್ತೆ, ಇದು ನಮ್ಮದಲ್ಲ. ಇದಕ್ಕೆ ನೀರು ತಾಗಬಾರದು, ಬಿಸಿಲು ಬೀಳಬಾರದು, ಅರಿಸಿನ ಕುಂಕುಮ ಏನೂ ಸೋಕಬಾರದು. ದಯವಿಟ್ಟು ಇದನ್ನ ಮುಟ್ಟಬೇಡಿ.”

“ಆಯ್ತಮ್ಮ, ಆಯ್ತು” ಎಂದರು. ಅದೇ ವಾರದ ಶುಕ್ರವಾರ ನಾನು ಲಾಸ್ ಏಂಜಲೀಸ್‌ಗೆ ಹೋದೆ. ಲೈಬ್ರರಿಯವರು ಕೇಳಿದ ಪುಸ್ತಕಗಳನ್ನು ಬಾಗಿಲಲ್ಲಿ ಇಟ್ಟುಕೊಡುವ ವ್ಯವಸ್ಥೆ ಶುರು ಮಾಡಿದ್ದರು. ಮಧ್ಯಾಹ್ನ ಮರಳಿ ಬಂದಾಗ ಮನೆಯೆಲ್ಲ ಊದಿನಕಡ್ಡಿಯ ವಾಸನೆ. ದೇವರ ಶೆಲ್ಫಿನ ಮುಂದೆ ಬೆಳ್ಳಿ ತಟ್ಟೆಯಲ್ಲಿ ಅವಳು ನಿಂತಿದ್ದಳು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯಲ್ಲಿ ಅಭಿಷೇಕವಾಗಿ, ನೀರಿನಲ್ಲಿ ಮೀಯಿಸಿ, ಮೈ ತುಂಬ ಅರಿಸಿನ ಬಳಿದು. ಅತ್ತೆ ಇಷ್ಟಕ್ಕೇ ನಿಲ್ಲಿಸಿರಲಿಲ್ಲ. ಆ ಇಲ್ಲದ ಮುಖದ ಮೇಲೆ ಕಾಡಿಗೆಯಲ್ಲಿ ಎರಡು ಕಣ್ಣು ಬರೆದು, ಕುಂಕುಮದಲ್ಲಿ ಬೊಟ್ಟೂ ತುಟಿಯೂ ಇಟ್ಟಿದ್ದರು.

ಎಷ್ಟೋ ತಲೆಮಾರಿನ ಭಕ್ತರು ಸವೆಸಿದ ಮುಖಕ್ಕೆ ನಮ್ಮತ್ತೆ ಹೊಸ ಮುಖ ಕೊಟ್ಟಿದ್ದರು. ಬೇರೆ ಯಾರದಾದರೂ ಮನೆಯಲ್ಲಿ, ಬೇರೆ ಯಾವುದಾದರೂ ಮೂರ್ತಿಗೆ ಹೀಗಾಗಿದ್ದರೆ ನಾನು ಫೋಟೋ ತೆಗೆದುಕೊಂಡು ಸಂಭ್ರಮಿಸುತ್ತಿದ್ದೆ. ಅಂದು ಹತ್ತಿ ತರಲು ಓಡಿದೆ. ಒಣ ಹತ್ತಿಯಿಂದ ಒತ್ತಿ ಒತ್ತಿ ತೆಗೆದೆ. ಕಾಡಿಗೆ ಬಂತು, ಕುಂಕುಮ ಮುಕ್ಕಾಲು ಬಂತು, ಅರಿಸಿನ ಮಾತ್ರ ಕೂತುಬಿಟ್ಟಿತ್ತು. ದಂತದ ರಿಪೇರಿ ತಿಳಿದ ತಜ್ಞೆಯೊಬ್ಬಳಿಗೆ ಮೇಲ್ ಹಾಕಿದೆ. ಏನೂ ಮಾಡಬೇಡ, ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡು, ಸೋಮವಾರ ಮಾತಾಡೋಣ ಎಂದು ಉತ್ತರ ಬಂತು. ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಅತ್ತೆಗೆ ನನ್ನ ಗಾಬರಿ ಅರ್ಥವಾಗಲಿಲ್ಲ. “ಅರಿಸಿನದ ಕಲೆಗೆ ಯಾಕಿಷ್ಟು ತಲೆ ಕೆಡಿಸ್ಕೋತೀಯ? ಬಿಸಿಲಿಗಿಟ್ರೆ ಹೋಗತ್ತೆ.”

ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅರಿಸಿನ ಮೆತ್ತಿದ ಪಂಚೆಗೆ ಸೋಪು ಸೋತರೂ ಬಿಸಿಲು ಸೋಲುವುದಿಲ್ಲ. ಮರುದಿನ ಗಂಡನೂ ನಾನೂ ದಿನಸಿ ತರಲು ಹೋದೆವು. ಅಕ್ಟೋಬರ್‌ನಲ್ಲಿ ಮರುಭೂಮಿಯ ಕಡೆಯಿಂದ ಬಿಸಿ ಗಾಳಿ ಬೀಸುತ್ತದೆ, ಮುಖ ತೊಳೆದರೆ ಟವೆಲ್ ಹುಡುಕುವುದರೊಳಗೆ ಒಣಗಿರುತ್ತದೆ, ಅಂಥ ದಿನ ಅದು. ನಾವು ಚೀಲ ಹೊತ್ತು ಒಳಗೆ ಬಂದಾಗ ಅತ್ತೆ ಹಿತ್ತಲಿನ ಬಾಗಿಲಿನಿಂದ ನಗುತ್ತ ಬಂದರು, ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

“ನೋಡು, ಹೆಂಗೆ ಹೋಯ್ತು! ಸುಮ್ನೆ ಹೆದ್ರಿದ್ದೆ ನೀನು.”

ಕಲೆ ಹೋಗಿತ್ತು, ನಿಜ. ನೀರು ಕುಡಿದ ದಂತ ಬೆಂಕಿಯಂಥ ಗಾಳಿಗೆ ಒಣಗಿ, ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ತಾಯಿ ಒಂದು ತುಂಡಿನಲ್ಲಿ, ಮಗು ಇನ್ನೊಂದರಲ್ಲಿ. ಅತ್ತೆ ಒತ್ತಿ ಹಿಡಿದಿದ್ದರಿಂದ ಅವರಿಗೆ ಕಂಡಿರಲಿಲ್ಲ. ನಾನು ಕೈಗೆ ತೆಗೆದುಕೊಂಡಾಗ ಎರಡಾಯಿತು.

ಮದುವೆಯಾದ ಮೇಲೆ ನಾನು ಅತ್ತೆಯ ಮೇಲೆ ಕೂಗಾಡಿದ್ದು ಅದೇ ಮೊದಲು. ಏನೇನು ಅಂದೆನೋ, ಕನ್ನಡ ಸಾಲದೆ ಇಂಗ್ಲಿಷ್‌ನಲ್ಲೂ ಅಂದೆ. ಅವರು ಗೋಡೆಗೆ ಒರಗಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು.

“ನಿನಗೋಸ್ಕರಾನೇ ಕಣಮ್ಮ ಮಾಡಿದ್ದು. ನಿನ್ನ ಮಡಿಲು ತುಂಬ್ಲಿ ಅಂತ ಹರಕೆ ಹೊತ್ತಿದ್ದೆ. ಡಾಕ್ಟ್ರು ಕೈ ಚೆಲ್ಲಿದಾರಂತಲ್ಲ, ಇನ್ಯಾರನ್ನ ಕೇಳ್ಲಿ?”

ಯಾವ ಡಾಕ್ಟರು? ನಾನು ಗಂಡನ ಕಡೆ ನೋಡಿದೆ. ಅವನು ಫೋನ್ ನೋಡುತ್ತಿದ್ದ. ಅಮ್ಮನಿಗೆ ನಿಜ ಹೇಳುವ ಬದಲು, ನನ್ನಲ್ಲೇನೋ ದೋಷವಿದೆಯೆಂದು ಡಾಕ್ಟರು ಹೇಳಿದ್ದಾರೆ ಎಂದು ಸುಳ್ಳು ಹೇಳಿ ಕೈ ತೊಳೆದುಕೊಂಡಿದ್ದ. ಎಂಟು ವರ್ಷದಿಂದ ಆ ಹೆಂಗಸು ನನ್ನನ್ನು ಪಾಪದವಳೆಂದು ನೋಡುತ್ತಿದ್ದರು. ಆ ಬೆಳಗಿನ ಕಾಫಿಗಳೆಲ್ಲ ಬಂಜೆಗೆ ತೋರಿದ ಕರುಣೆ.

“ಅತ್ತೆ, ನನಗೇನೂ ಆಗಿಲ್ಲ. ಮಗು ಬೇಡ ಅಂತ ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ದು. ಕೇಳಿ ನಿಮ್ಮ ಮಗನ್ನ.”

“ಹೌದೇನೋ?” ಎಂದರು ಅತ್ತೆ.

“ಈಗ ಯಾಕಮ್ಮ ಅದೆಲ್ಲಾ” ಎಂದ ಅವನು.

ಅತ್ತೆಗೆ ಅಷ್ಟೇ ಸಾಕಾಯಿತು. ಸೊಸೆ ಪಾಪ, ಮಾನ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು ನನ್ನ ತಲೆ ಸವರಲು ಬಂದರು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಸೋಮವಾರ ತಜ್ಞೆ ವಿಡಿಯೋದಲ್ಲಿ ಎರಡೂ ತುಂಡು ನೋಡಿ, ಸೀಳು ನೇರವಾಗಿದೆ, ಚೂರು ಉದುರಿಲ್ಲ, ಕೂಡಿಸಬಹುದು ಎಂದಳು. ಗೆರೆ ಕಾಣುತ್ತದೆ, ಆದರೆ ಕೈಗೆ ಒಂದೇ ಹಲಗೆಯಾಗಿ ಸಿಗುತ್ತದೆ. ನನಗೆ ಹೋದ ಜೀವ ಬಂದಂತಾಯಿತು. ಅಜ್ಜಿಗೆ ಬೇಕಾಗಿದ್ದದ್ದು ಕೈಗೆ ಸಿಗುವುದು ತಾನೇ. ಮುಂದಿನ ವಾರ ಅವಳ ವರ್ಕ್‌ಶಾಪಿಗೆ ಒಯ್ಯುವುದೆಂದು ಗೊತ್ತಾಯಿತು. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಇಬ್ಬರಿಗೂ ಹೇಳಿದೆ, ಇದನ್ನು ರಿಪೇರಿಗೆ ಕೊಡುತ್ತಿದ್ದೇನೆ, ಯಾರೂ ಮುಟ್ಟಬೇಡಿ.

ಮುಟ್ಟಬೇಡಿ ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟು ನಡೆಯುತ್ತದೆಂದು ಅಷ್ಟರಲ್ಲಿ ನನಗೆ ತಿಳಿಯಬೇಕಾಗಿತ್ತು. ಅತ್ತೆ ಊಟ ಬಿಟ್ಟರು. ಗಂಡನ ಹತ್ತಿರ ಅಳುತ್ತಿದ್ದುದು ಅಡಿಗೆಮನೆಯಿಂದ ಕೇಳುತ್ತಿತ್ತು. “ಪೂಜೆ ಮಾಡಿದ್ ಮೂರ್ತಿ ಕಣೋ. ಭಿನ್ನ ಆದ್ಮೇಲೆ ಮನೇಲಿಟ್ಕೋಬಾರ್ದು. ಅದೂ ತಾಯಿ ಮಗು ಬೇರೆ ಆಗಿ. ಕೇಡಾಗತ್ತೆ.” ಒಡೆದ ಮೂರ್ತಿಯನ್ನು ಹರಿಯುವ ನೀರಿಗೆ ಬಿಡಬೇಕು ಎಂಬುದು ಅವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಅದನ್ನು ನಾನು ಬೈಯುವುದಿಲ್ಲ. ಆ ಗುರುವಾರ ನನ್ನ ಪ್ರೊಫೆಸರುಗಳ ಜೊತೆ ಉದ್ದನೆಯ ಝೂಮ್ ಮೀಟಿಂಗ್ ಇತ್ತು. ಬೇರೆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಮುಗಿಸಿ ಹೊರಗೆ ಬಂದಾಗ ಗಂಡ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕಾಲಿನ ಮರಳು ಕೊಡವುತ್ತಿದ್ದ. ಅತ್ತೆಯ ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ. ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ.

ನಾನು ಮೇಜಿನ ಹತ್ತಿರ ಓಡಿದೆ. ಪೆಟ್ಟಿಗೆ ಇತ್ತು, ಬಟ್ಟೆ ಮಡಿಸಿ ಇಟ್ಟಿತ್ತು, ಒಳಗೆ ಏನೂ ಇರಲಿಲ್ಲ.

“ಟೋರಿ ಪೈನ್ಸ್ ಬೀಚಿಗೆ ಹೋಗಿದ್ವಿ” ಎಂದ ಗಂಡ. “ಅಮ್ಮ ಊಟಾನೇ ಮಾಡ್ತಿರಲಿಲ್ಲ. ಏನ್ ಮಾಡ್ಲಿ ಹೇಳು?”

“ಅದು ನಮ್ಮದಲ್ಲ.”

“ಒಡೆದೇ ಹೋಗಿತ್ತಲ್ಲ. ಒಡೆದದ್ದು ಕೊಟ್ಟಿದ್ರೂ ಅವರು ಬೈತಿದ್ರು. ಮತ್ತೆ ನಿನ್ನ ಥೀಸಿಸ್‌ಗೇನು ತೊಂದರೆ? ಡೇಟಾ ಪೂರ್ತಿ ಇದೆಯಲ್ಲ.”

ಡೇಟಾ ಇದೆಯಲ್ಲ. ಎಂಟು ವರ್ಷ ನನ್ನ ಪಕ್ಕದಲ್ಲಿ ಮಲಗಿದವನಿಗೆ ನನ್ನ ಕೆಲಸದಿಂದ ತಿಳಿದದ್ದು ಇಷ್ಟು. ನಾನು ಕಾರು ತೆಗೆದುಕೊಂಡು ಹೋದೆ. ಸಮುದ್ರ ಇಳಿತದಲ್ಲಿತ್ತು. ಪ್ಯಾಂಟ್ ಮಡಿಸಿಕೊಂಡು ನೀರಿನಂಚಿನಲ್ಲಿ ಕತ್ತು ಬಗ್ಗಿಸಿ ಹಿಂದೆ ಮುಂದೆ ಅಲೆದೆ. ಸರ್ಫ್‌ಬೋರ್ಡ್ ಹೊತ್ತ ಹುಡುಗಿಯೊಬ್ಬಳು ಉಂಗುರ ಕಳೆದುಕೊಂಡಿರಾ ಎಂದು ಕೇಳಿದಳು. ಹೌದೆಂದೆ, ಬೇರೇನು ಹೇಳಲಿ. ದಂತ ತೇಲುವುದಿಲ್ಲ.

ಪ್ರಬಂಧವನ್ನು ಆಮೇಲೆ ಮುಗಿಸಿದೆ. ಪದವಿಯೂ ಬಂತು. ಅದರಲ್ಲಿ ಅವಳ ಚಿತ್ರವಿದೆ. ಚಿತ್ರದ ಕೆಳಗೆ ವಸ್ತು ಈಗ ಎಲ್ಲಿದೆ ಎಂದು ಬರೆಯುವುದು ನಮ್ಮ ಪದ್ಧತಿ. “ಖಾಸಗಿ ಒಡೆತನ, ಈಗ ಎಲ್ಲಿದೆ ತಿಳಿದಿಲ್ಲ” ಎಂದು ಹಾಕಿಸಿದ್ದು ಪ್ರೊಫೆಸರು. ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತಿದೆ, ಗಂಡನಿಗೂ ಗೊತ್ತಿದೆ, ನಾವಿಬ್ಬರೂ ಈಗಲೂ ಒಂದೇ ಮನೆಯಲ್ಲಿದ್ದೇವೆ. ಭಾನುವಾರ ಬೀಚಿಗೆ ಹೋಗೋಣವೇ ಎಂದು ಮಾತ್ರ ಅವನು ಕೇಳುವುದಿಲ್ಲ.

ಬೀಚಿನಿಂದ ಬರಿಗೈಯಲ್ಲಿ ಬಂದ ಆ ಸಂಜೆಯೇ ಚಾಟ್ಸ್‌ವರ್ತ್‌ಗೆ ಫೋನ್ ಮಾಡಿ ಅಜ್ಜಿಯ ಮಗಳಿಗೆ ಎಲ್ಲ ಹೇಳಿದೆ. ಅಭಿಷೇಕ, ಬಿಸಿಲು, ಸಮುದ್ರ, ಒಂದೂ ಬಿಡದೆ. ನಮ್ಮ ನಂಬಿಕೆ ಹೀಗೆ ಎಂದು ವಿವರಿಸಲು ಹೊರಟವಳು ನನ್ನ ಮಾತು ನನಗೇ ಅಸಹ್ಯವಾಗಿ ನಿಲ್ಲಿಸಿದೆ. ಅವರು ಬೈಯಲಿಲ್ಲ. “ಅಮ್ಮನಿಗೆ ಹೇಳಬೇಡ” ಎಂದು ಇಟ್ಟುಬಿಟ್ಟರು.

ಡಿಸೆಂಬರ್‌ನಲ್ಲಿ ಅತ್ತೆ ಧೈರ್ಯ ಮಾಡಿ ಹೊರಟರು. ಏರ್‌ಪೋರ್ಟಿನಲ್ಲಿ ಎರಡು ಮಾಸ್ಕಿನ ಹಿಂದಿನಿಂದ, “ನನ್ ಮೇಲೆ ಸಿಟ್ಟಿಟ್ಕೋಬೇಡಮ್ಮ. ನೀರಿಗೆ ಬಿಡುವಾಗ್ಲೂ ಕೇಳ್ಕೊಂಡಿದೀನಿ. ಕೊಟ್ಟೇ ಕೊಡ್ತಾಳೆ” ಎಂದರು. ಕಾಲಿಗೆ ನಮಸ್ಕಾರ ಮಾಡಿದೆ. ಮಾಡದಿದ್ದರೆ ಅದೊಂದು ಕಥೆಯಾಗುತ್ತಿತ್ತು.

ಹೊಸ ವರ್ಷದ ಮೊದಲ ತಿಂಗಳು, ಲಾಸ್ ಏಂಜಲೀಸ್‌ನಲ್ಲಿ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದಾಗ, ಅಜ್ಜಿಯ ಮಗಳ ಫೋನ್ ಬಂತು. ಅಜ್ಜಿಗೆ ಬಂದದ್ದು ಆ ಕಾಯಿಲೆಯಲ್ಲ, ಹೃದಯ ಸೋತಿತ್ತು. ಆಸ್ಪತ್ರೆ ಬೇಡವೆಂದು ಮನೆಯಲ್ಲೇ ಇಟ್ಟುಕೊಂಡು ನೋವಿಗೆ ಮಾತ್ರ ಮದ್ದು ಕೊಡುತ್ತಿದ್ದರು. ನನ್ನ ದಂತದ ತಾಯಿಯನ್ನು ತರಿಸು ಎಂದು ದಿನಾ ಕೇಳುತ್ತಿದ್ದಾರಂತೆ.

“ಸ್ಕ್ಯಾನ್ ಇದೆ ಅಂದಿದ್ದೆಯಲ್ಲ. ಅದರಿಂದ ಒಂದು ಮಾಡಿಸಿ ತಾ. ಅಮ್ಮನಿಗೆ ಕಣ್ಣು ಕಾಣಲ್ಲ. ಇಷ್ಟಾದರೂ ಮಾಡು.”

ಬೇಡ, ನಿಜ ಹೇಳಿಬಿಡೋಣ ಎಂದೆ. “ನಿಜ ಹೇಳಿ ನಿನಗೆ ಹಗುರ ಆಗಬಹುದು. ಸಾಯುತ್ತಿರೋದು ನನ್ನ ಅಮ್ಮ” ಎಂದರು. ಫೋನಿಟ್ಟು ಗಂಡನಿಗೆ ಸ್ಕ್ಯಾನ್ ತೆಗೆಯಲು ಹೇಳಿದೆ.

ಗಂಡ ಹುರುಪಿನಿಂದ ಕೂತು ಪ್ರಿಂಟ್ ಮಾಡಿದ. ಒಳಗೆ ಸೀಸದ ಚೂರು ಸೇರಿಸಿ ತೂಕ ಸರಿಮಾಡಿದ, ನುಣುಪು ಕಾಗದದಲ್ಲಿ ಉಜ್ಜಿದ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯ ಬಣ್ಣ ಬರಿಸಿದ. “ಒರಿಜಿನಲ್‌ಗಿಂತ ಚೆನ್ನಾಗಿದೆ ನೋಡು, ಕ್ರ್ಯಾಕೂ ಇಲ್ಲ” ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಮಟ್ಟಿಗೆ ತಪ್ಪೊಂದು ಫಿಕ್ಸ್ ಆಗಿತ್ತು.

ಮರುದಿನ ಬೆಳಿಗ್ಗೆ ಚಾಟ್ಸ್‌ವರ್ತ್‌ಗೆ ಹೋದೆ. ಅಜ್ಜಿ ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದರು. ನನ್ನ ದನಿ ಗುರುತು ಹಿಡಿದು ನಕ್ಕರು. ಮಗಳು ಗೋಡೆಯ ಬಳಿ ನಿಂತರು. ನಾನು ಅದನ್ನು ಅಜ್ಜಿಯ ಅಂಗೈಯಲ್ಲಿಟ್ಟೆ. ಹೆಬ್ಬೆರಳು ತಾನಾಗಿ ಮೇಲೆದ್ದು ಮುಖದ ಮೇಲೆ ಹೋಯಿತು, ಒಮ್ಮೆ ಕೆಳಗೆ ಜಾರಿ, ನಿಂತಿತು. ಮತ್ತೆ ಮೇಲಿನಿಂದ ಕೆಳಗೆ ಬಂತು. ಅಂಚನ್ನು ಮುಟ್ಟಿದರು, ಹಿಂಬದಿಯನ್ನು ತಿರುಗಿಸಿ ಮುಟ್ಟಿದರು, ಕೆನ್ನೆಗೆ ಒತ್ತಿಕೊಂಡರು.

“ಚೆನ್ನಾಗಿದೆ” ಎಂದರು. “ನನಗೋಸ್ಕರ ನೀನು ಮಾಡಿಸಿದ್ದಾ?”

“ಹೌದು” ಎಂದೆ.

“ಥ್ಯಾಂಕ್ ಯೂ.” ಅದನ್ನು ಜೋಪಾನವಾಗಿ ಹೊದಿಕೆಯ ಮೇಲೆ ಪಕ್ಕಕ್ಕಿಟ್ಟರು. ಉಡುಗೊರೆ ತಂದವರಿಗೆ ಬೇಜಾರಾಗಬಾರದೆಂದು ಒಮ್ಮೆ ತಟ್ಟಿಯೂ ತಟ್ಟಿದರು. ಆಮೇಲೆ ಕೈ ನನ್ನ ಕಡೆ ಚಾಚಿದರು. “ಈಗ ನನ್ನದನ್ನ ಕೊಡು.”

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಕಡೆಯಿಂದ ಮಗಳು ಹೇಳಿದರು, “ನಾಳೆ ತರ್ತಾಳೆ ಅಮ್ಮ.”

ಅಜ್ಜಿ ಮುಖವನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿ ಕಾದರು. ಮಗಳು ಮಾಸ್ಕಿನ ಮೇಲಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದರು. “ಹೌದು, ನಾಳೆ” ಎಂದೆ. ನಮ್ಮ ಕಡೆ ಒಂದು ಕಾಲದಲ್ಲಿ ಮಾರಿ ಮನೆಯೊಳಗೆ ಬರದಿರಲೆಂದು ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದರು. ಅದು ಓದಿಕೊಂಡು ತಿರುಗಿ ಹೋಗುತ್ತಿತ್ತಂತೆ, ಮರುದಿನ ಬಂದು ಮತ್ತೆ ಓದುತ್ತಿತ್ತಂತೆ. ಸಾಯುತ್ತಿರುವ ಮುದುಕಿಗೆ ನಾವಿಬ್ಬರೂ ಸೇರಿ ಅದನ್ನೇ ಹೇಳಿ ಕಳಿಸಿದೆವು.

ಅಜ್ಜಿ ಇನ್ನೂ ಕೆಲವು ದಿನ ಇದ್ದರು. ಎಲ್ಲ ಮುಗಿದ ಮೇಲೆ ಮಗಳು ಫೋನ್ ಮಾಡಿ ತಿಳಿಸಿದರು. ನಾನು ತಂದುಕೊಟ್ಟದ್ದನ್ನು ಅವರು ಮತ್ತೆ ಮುಟ್ಟಲಿಲ್ಲವಂತೆ. ದಿನವೂ ಬೆಳಿಗ್ಗೆ ಎಚ್ಚರವಾದ ಕೂಡಲೇ ಖಾಲಿ ಕೈ ಚಾಚಿ, “ನಾಳೆ ಆಯ್ತಾ?” ಎಂದು ಕೇಳುತ್ತಿದ್ದರಂತೆ.